ಉಳಿದದ್ದು ಎಲ್ಲಿಗೆ ಹೋಯಿತು?

ಜೂನ್ ತಿಂಗಳು ಬಂತೆಂದರೆ ಮುಂಬಯಿಯ ಕನ್ನಡ ಮನೆಗಳಲ್ಲಿ ಎರಡು ಚರ್ಚೆ ಶುರು. ಒಂದು, ಮಗನಿಗೋ ಮಗಳಿಗೋ ಯಾವ ಕಾಲೇಜು, ಯಾವ ಬ್ರಾಂಚು ಎಂಬುದು. ಇನ್ನೊಂದು, ಸೋರುವ ಸ್ಲ್ಯಾಬು, ಉದುರುವ ಪ್ಲಾಸ್ಟರು, ಸೊಸೈಟಿಯ ರಿಪೇರಿ ಫಂಡು. ಈ ಎರಡಕ್ಕೂ ಸಂಬಂಧಪಟ್ಟ ಪಾಠವೊಂದು ಪಿಯುಸಿ ಕೆಮಿಸ್ಟ್ರಿಯಲ್ಲೇ ಬಂದು ಹೋಗಿರುತ್ತದೆ. ಅದು ಮೋಲ್ ಲೆಕ್ಕ.

ಸಿವಿಲ್ ಸೇರಿದ ಹುಡುಗ ಹುಡುಗಿಯರು ಮೊದಲ ವರ್ಷ ಕೇಳುವ ಪ್ರಶ್ನೆ ಒಂದೇ: "ನಮಗ್ಯಾಕೆ ಅಂಕಲ್ ಕೆಮಿಸ್ಟ್ರಿ? ನಾವು ಕಟ್ಟೋದು ಬಿಲ್ಡಿಂಗು." ನಾನು ಸಾಫ್ಟ್‌ವೇರಿನವನು, ಇಟ್ಟಿಗೆ ಸಿಮೆಂಟಿನ ಕಸುಬು ನನ್ನದಲ್ಲ. ಆದರೆ ಸಾಂತಾಕ್ರೂಜ್ ಪೂರ್ವದಲ್ಲಿ ಹಳೆಯ ಕಟ್ಟಡವೊಂದರ ಸೊಸೈಟಿ ಕಮಿಟಿಯಲ್ಲಿದ್ದು, ಸ್ಟ್ರಕ್ಚರಲ್ ಆಡಿಟ್ ವರದಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವನು. ಆ ವರದಿಯ ಅರ್ಧಭಾಗ ಕೆಮಿಸ್ಟ್ರಿಯೇ. ಹಾಗಾಗಿ ಈ ಸಲದ ಅಂಕಣ ಸಿವಿಲ್ ಓದುತ್ತಿರುವವರಿಗೆ, ಮತ್ತು ಅವರು ಮುಂದೆ ಸಹಿ ಹಾಕಿ ಕೊಡುವ ಮನೆಗಳಲ್ಲಿ ಮಲಗಿ ಏಳಬೇಕಾದ ನಮ್ಮಂಥವರಿಗೆ.

ಪುಸ್ತಕದಲ್ಲಿ ಇದಕ್ಕೆ ಸ್ಟಾಯ್ಕಿಯೋಮೆಟ್ರಿ ಎಂದು ನಾಲಿಗೆ ಹೊರಳದ ಹೆಸರಿದೆ. ಅದು ಕೇಳುವುದು ಮೂರೇ ಪ್ರಶ್ನೆ. ಎಷ್ಟು ಬೇಕು? ಯಾವುದು ಮೊದಲು ಮುಗಿಯುತ್ತದೆ? ಉಳಿದದ್ದು ಎಲ್ಲಿಗೆ ಹೋಯಿತು? ಮೊದಲ ಎರಡಕ್ಕೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಕಟ್ಟಡ ಎಷ್ಟು ವರ್ಷ ಬಾಳುತ್ತದೆ ಎಂಬುದು ಬಹುಮಟ್ಟಿಗೆ ನಿಂತಿರುವುದು ಮೂರನೆಯದರ ಮೇಲೆ.

ಮೊಳೆಯಂಗಡಿಯ ಲೆಕ್ಕ

ಹಾರ್ಡ್‌ವೇರ್ ಅಂಗಡಿಗೆ ಹೋಗಿ ಮೊಳೆ ಕೇಳಿ. ಅಂಗಡಿಯವನು ಎಣಿಸುವುದಿಲ್ಲ, ತೂಗುತ್ತಾನೆ. ಬಡಗಿಗೆ ಬೇಕಾದದ್ದು ಮಾತ್ರ ಎಣಿಕೆ: ಒಂದು ಕೀಲಿಗೆ ಇಷ್ಟು ಮೊಳೆ, ಒಂದು ಬಾಗಿಲಿಗೆ ಇಷ್ಟು ಕೀಲು. ಒಂದು ಮೊಳೆಯ ತೂಕ ಗೊತ್ತಿದ್ದರೆ ಕಿಲೋದಿಂದ ಎಣಿಕೆಗೂ ಎಣಿಕೆಯಿಂದ ಕಿಲೋಗೂ ಓಡಾಡಬಹುದು.

ಪರಮಾಣುಗಳದ್ದೂ ಇದೇ ಕಥೆ. ಅವು ಒಂದನ್ನೊಂದು ಕೂಡುವುದು ಎಣಿಕೆಯಲ್ಲಿ. ನಾವು ಕೊಳ್ಳುವುದು ಚೀಲದಲ್ಲಿ, ಲೀಟರಿನಲ್ಲಿ, ಬ್ರಾಸಿನಲ್ಲಿ. ಒಂದೊಂದನ್ನೇ ಎಣಿಸಲು ಅವು ತೀರ ಚಿಕ್ಕವು. ಆದ್ದರಿಂದ ಡಜನ್ ಎಂದ ಹಾಗೆ ಒಂದು ದೊಡ್ಡ ಕಟ್ಟು ಮಾಡಿಕೊಂಡಿದ್ದಾರೆ. 6022 ಬರೆದು ಮುಂದೆ 20 ಸೊನ್ನೆ ಹಾಕಿದರೆ ಎಷ್ಟೋ ಅಷ್ಟು ಕಣಗಳ ಕಟ್ಟಿಗೆ ಒಂದು ಮೋಲ್ ಎಂದು ಹೆಸರು. 2019ರ ಮೇ 20ರಿಂದ ಈ ಸಂಖ್ಯೆಯನ್ನೇ ನಿಖರವಾಗಿ ಗೊತ್ತುಮಾಡಿ ಮೋಲಿನ ವ್ಯಾಖ್ಯೆ ಮಾಡಿದ್ದಾರೆ. ನಮಗೆ ಅನುಕೂಲದ ಮಾತೆಂದರೆ, ಪರಮಾಣು ತೂಕವನ್ನು ಗ್ರಾಂನಲ್ಲಿ ಬರೆದರೆ ಅದೇ ಒಂದು ಮೋಲಿನ ತೂಕ. ಕ್ಯಾಲ್ಸಿಯಂ 40 ಗ್ರಾಂ, ಇಂಗಾಲ 12, ಆಮ್ಲಜನಕ 16, ಜಲಜನಕ 1, ಸಿಲಿಕಾನ್ 28, ಕಬ್ಬಿಣ 56. ಈ ಆರು ಸಂಖ್ಯೆ ನೆನಪಿದ್ದರೆ ಈ ಬರಹದ ಬಹುಪಾಲು ಲೆಕ್ಕ ನೀವೇ ಮಾಡಬಹುದು.

ಮೊದಲ ಲೆಕ್ಕ ನಮ್ಮ ಸಾಂತಾಕ್ರೂಜಿನದೇ ಆಗಲಿ. 2005ರ ಜುಲೈ 26ರ ಮಳೆಯನ್ನು ಈ ಊರಿನಲ್ಲಿದ್ದವರು ಮರೆಯುವ ಹಾಗಿಲ್ಲ. ಸಾಂತಾಕ್ರೂಜಿನ ಹವಾಮಾನ ಕೇಂದ್ರ ಅಂದು 24 ಗಂಟೆಯಲ್ಲಿ ಅಳೆದದ್ದು 944 ಮಿಲಿಮೀಟರ್. ಒಂದು ಚದರ ಮೀಟರ್ ಜಾಗದ ಮೇಲೆ 944 ಲೀಟರ್, ತೂಕದಲ್ಲಿ 944 ಕೆಜಿ. ನೀರಿನ ಒಂದು ಮೋಲ್ 18 ಗ್ರಾಂ, ಅಂದರೆ ಜಲಜನಕ ಎರಡು, ಆಮ್ಲಜನಕ ಒಂದು. 9,44,000 ಗ್ರಾಂ ಅನ್ನು 18ರಿಂದ ಭಾಗಿಸಿದರೆ ಸುಮಾರು 52,400 ಮೋಲ್. ತೂಕದಿಂದ ಎಣಿಕೆಗೆ ಹೋಗುವುದು ಎಂದರೆ ಇಷ್ಟೇ. ಮುಂದೆ ಬರುವುದೆಲ್ಲ ಇದರದೇ ವಿಸ್ತಾರ.

ಒಂದು ಪ್ಲೇಟ್ ಇಡ್ಲಿ-ವಡಾ

ಎರಡನೆಯ ಪ್ರಶ್ನೆ, ಯಾವುದು ಮೊದಲು ಮುಗಿಯುತ್ತದೆ? ಇದು ಗೊತ್ತಿಲ್ಲದ ಉಡುಪಿ ಹೋಟೆಲ್ ಮಾಲೀಕ ಮುಂಬಯಿಯಲ್ಲಿ ಇಲ್ಲ. ಪ್ಲೇಟಿಗೆ ಎರಡು ಇಡ್ಲಿ, ಒಂದು ವಡೆ. ಅಡುಗೆಮನೆಯಲ್ಲಿ 50 ಇಡ್ಲಿ, 18 ವಡೆ ಇವೆ. ಎಷ್ಟು ಪ್ಲೇಟ್? 18. ವಡೆ ಮುಗಿಯಿತು, 14 ಇಡ್ಲಿ ಉಳಿಯಿತು. ಇಡ್ಲಿಯ ರಾಶಿ ದೊಡ್ಡದೆಂದು ಪ್ಲೇಟಿನ ಸಂಖ್ಯೆ ಹೆಚ್ಚುವುದಿಲ್ಲ. ಮೊದಲು ಮುಗಿಯುವುದೇ ಕೊನೆಯನ್ನು ನಿರ್ಧರಿಸುತ್ತದೆ. ಪುಸ್ತಕದ ಭಾಷೆಯಲ್ಲಿ ವಡೆಗೆ ಲಿಮಿಟಿಂಗ್ ರಿಯೇಜೆಂಟ್ ಎಂದು ಹೆಸರು.

ಆ 14 ಇಡ್ಲಿ ಏನಾಯಿತು? ಸಂಜೆಗೆ ಇಡ್ಲಿ ಉಪ್ಪಿಟ್ಟು ಆಯಿತು, ಸಿಬ್ಬಂದಿಯ ಹೊಟ್ಟೆಗೆ ಹೋಯಿತು, ಏನೋ ಒಂದಾಯಿತು. ಮಾಯವಂತೂ ಆಗಲಿಲ್ಲ. ಕಾಂಕ್ರೀಟಿನಲ್ಲೂ ಉಳಿದದ್ದು ಮಾಯವಾಗುವುದಿಲ್ಲ. ಇದನ್ನು ನೆನಪಿಟ್ಟುಕೊಂಡು ಸುಣ್ಣಕ್ಕೆ ಬರೋಣ.

ನೂರು, ಐವತ್ತಾರು, ನಲವತ್ತನಾಲ್ಕು

ಕರಾವಳಿಯಿಂದ ಬಂದ ಹಿರಿಯರಿಗೆ ಚಿಪ್ಪಿನ ಸುಣ್ಣ ಗೊತ್ತು. ಹೊಳೆಯ ಮರುವಾಯಿ ಚಿಪ್ಪನ್ನು ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಗೋಡೆಗೂ ಎಲೆಯಡಿಕೆಗೂ ಬಳಸುತ್ತಿದ್ದರು. ಚಿಪ್ಪು ಬಹುತೇಕ ಕ್ಯಾಲ್ಸಿಯಂ ಕಾರ್ಬೊನೇಟ್. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗುವವರು ದಾರಿಯಲ್ಲಿ ಕಲಬುರಗಿ ಜಿಲ್ಲೆಯ ವಾಡಿಯನ್ನು ಹಾದುಹೋಗುತ್ತಾರೆ. ವಾಡಿ, ಸೇಡಂ, ಮಳಖೇಡ ಕಡೆಯ ಸಿಮೆಂಟ್ ಕಾರ್ಖಾನೆಗಳು ಅಲ್ಲಿ ನಿಂತಿರುವುದು ನೆಲದಡಿಯ ಸುಣ್ಣದ ಕಲ್ಲಿನ ಬಲದ ಮೇಲೆ. ಆ ಕಲ್ಲೂ ಮುಖ್ಯವಾಗಿ ಇದೇ ಕ್ಯಾಲ್ಸಿಯಂ ಕಾರ್ಬೊನೇಟ್.

ಒಂದು ಮೋಲ್ ತೂಗಿ ನೋಡಿ: ಕ್ಯಾಲ್ಸಿಯಂ 40, ಇಂಗಾಲ 12, ಆಮ್ಲಜನಕ ಮೂರು ಅಂದರೆ 48. ಒಟ್ಟು 100. ಸುಮಾರು 900 ಡಿಗ್ರಿಗೆ ಸುಟ್ಟಾಗ ಇದು ಎರಡಾಗಿ ಒಡೆಯುತ್ತದೆ. ಸುಟ್ಟ ಸುಣ್ಣ 56, ಇಂಗಾಲದ ಡೈಆಕ್ಸೈಡ್ 44. ಗ್ರಾಂ ಬದಲು ಕಿಲೋ ಎಂದರೂ ಅನುಪಾತ ಅದೇ. 100 ಕೆಜಿ ಕಲ್ಲು ಗೂಡಿಗೆ ಹಾಕಿದರೆ ಕೈಗೆ ಬರುವುದು 56 ಕೆಜಿ. 44 ಕೆಜಿ ಆಕಾಶಕ್ಕೆ.

ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರ್‌ನ ಒಂದು ಟನ್ನಿನಲ್ಲಿ ಸುಮಾರು 650 ಕೆಜಿ ಈ ಸುಟ್ಟ ಸುಣ್ಣದ ಅಂಶವಿರುತ್ತದೆ. 650ನ್ನು 44ರಿಂದ ಗುಣಿಸಿ 56ರಿಂದ ಭಾಗಿಸಿ: ಸುಮಾರು 510 ಕೆಜಿ. ಕಲ್ಲಿದ್ದಲು, ವಿದ್ಯುತ್ತು ಬಿಟ್ಟು, ಬರೀ ಕಲ್ಲಿನಿಂದಲೇ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಇದು. ಕಾರ್ಖಾನೆ ಸೌರಶಕ್ತಿಯಲ್ಲೇ ನಡೆದರೂ ಈ ಭಾಗ ತಪ್ಪುವುದಿಲ್ಲ. ಹೀಗೆ ಕಲ್ಲಿನಿಂದ ಓಡಿಸಿದ ಈ 44 ಮುಂದೆ ನಮ್ಮ ಗೋಡೆಗೇ ವಾಪಸು ಬರುತ್ತದೆ.

ಒಂದು ಚೀಲ ಸಿಮೆಂಟಿಗೆ ಎಷ್ಟು ನೀರು?

ಸಿಮೆಂಟಿನಲ್ಲಿ ಮುಖ್ಯವಾಗಿ ಬಲ ಕೊಡುವುದು ಟ್ರೈಕ್ಯಾಲ್ಸಿಯಂ ಸಿಲಿಕೇಟ್. ಕ್ಯಾಲ್ಸಿಯಂ ಮೂರು, ಸಿಲಿಕಾನ್ ಒಂದು, ಆಮ್ಲಜನಕ ಐದು: 120, 28, 80, ಕೂಡಿದರೆ 228. ಪಠ್ಯದಲ್ಲಿ ಬರುವ ಸರಳ ಸಮೀಕರಣದ ಪ್ರಕಾರ ಇದರ 2 ಮೋಲಿಗೆ 6 ಮೋಲ್ ನೀರು ಬೇಕು. ಹುಟ್ಟುವುದು 1 ಮೋಲ್ ಅಂಟು, 3 ಮೋಲ್ ಅರಳಿದ ಸುಣ್ಣ. ಅಂಟು ಎಂದರೆ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್, ಜಲ್ಲಿ ಮರಳನ್ನು ಹಿಡಿದಿಡುವ ವಸ್ತು.

ತೂಕದಲ್ಲಿ ತಾಳೆ ನೋಡಿ. ಒಳಗೆ ಹೋದದ್ದು 456 ಮತ್ತು 108, ಒಟ್ಟು 564. ಹೊರಗೆ ಬಂದದ್ದು ಅಂಟು 342, ಸುಣ್ಣ 222, ಒಟ್ಟು 564. ಎರಡೂ ಕಡೆ ಸರಿಹೋಯಿತು. ಸಾಫ್ಟ್‌ವೇರಿನಲ್ಲಿ ನಾವು ಟೆಸ್ಟ್ ಬರೆಯುತ್ತೇವಲ್ಲ, ಕೆಮಿಸ್ಟ್ರಿಯಲ್ಲಿ ಟೆಸ್ಟ್ ಎಂದರೆ ಇದೇ. ಎಡಬಲ ತಾಳೆಯಾಗದಿದ್ದರೆ ಮುಂದೆ ಹೋಗಬೇಡಿ.

108ನ್ನು 456ರಿಂದ ಭಾಗಿಸಿದರೆ 0.237. ಸಿಮೆಂಟಿನ ಉಳಿದ ಅಂಶಗಳನ್ನೂ ಸೇರಿಸಿ ಸಿವಿಲ್ ಪುಸ್ತಕಗಳು ಕೊಡುವ ಸಂಖ್ಯೆ ಸುಮಾರು 0.23. ಅಂದರೆ 50 ಕೆಜಿಯ ಚೀಲಕ್ಕೆ ರಾಸಾಯನಿಕವಾಗಿ ಬೇಕಾದ ನೀರು ಹನ್ನೊಂದೂವರೆ ಲೀಟರ್ ಮಾತ್ರ. ಹುಟ್ಟಿದ ಅಂಟು ತನ್ನ ಸೂಕ್ಷ್ಮ ರಂಧ್ರಗಳಲ್ಲಿ ಇನ್ನೊಂದಿಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಸುಮಾರು ಒಂಬತ್ತೂವರೆ ಲೀಟರ್. ಎರಡೂ ಸೇರಿ 21 ಲೀಟರ್, ಅಂದರೆ 0.42.

ಈಗ ಸೈಟಿಗೆ ಬನ್ನಿ. ಭಾರತೀಯ ಮಾನಕ ಐಎಸ್ 456, 2000ದ ಆವೃತ್ತಿ, ಕರಾವಳಿ ಗಾಳಿಗೆ ಮೈಯೊಡ್ಡಿದ ಆರ್‌ಸಿಸಿಗೆ ಹೇಳುವುದು: ಘನ ಮೀಟರಿಗೆ ಸಿಮೆಂಟ್ ಕನಿಷ್ಠ 320 ಕೆಜಿ, ನೀರು-ಸಿಮೆಂಟ್ ಅನುಪಾತ ಹೆಚ್ಚೆಂದರೆ 0.45. ಚೀಲಕ್ಕೆ 22.5 ಲೀಟರ್. ಆದರೆ ಮಾಲು ಗಟ್ಟಿಯಾಗಿದೆ, ಸರಳುಗಳ ನಡುವೆ ಇಳಿಯುತ್ತಿಲ್ಲ ಎಂದು ಮೇಸ್ತ್ರಿ ಹೇಳುತ್ತಾನೆ. ಇನ್ನರ್ಧ ಬಾಲ್ದಿ ನೀರು ಬೀಳುತ್ತದೆ. 22.5 ಇದ್ದದ್ದು 30 ಲೀಟರ್ ಆಗುತ್ತದೆ. ಮಾಲು ಸರಾಗವಾಗಿ ಹರಿಯುತ್ತದೆ, ಎಲ್ಲರಿಗೂ ಖುಷಿ.

ಇಲ್ಲಿ ಮೂರನೆಯ ಪ್ರಶ್ನೆ ಕೇಳಬೇಕು. 30ರಲ್ಲಿ 21 ಕೆಲಸಕ್ಕೆ ಬಂತು. ಉಳಿದ 9 ಲೀಟರ್ ಎಲ್ಲಿಗೆ ಹೋಯಿತು? ನಿಧಾನವಾಗಿ ಆವಿಯಾಗಿ ಹೋಯಿತು, ಆದರೆ ತಾನಿದ್ದ ಜಾಗವನ್ನು ಖಾಲಿ ಬಿಟ್ಟು ಹೋಯಿತು. ಒಂದು ಘನ ಮೀಟರಿಗೆ 320 ಕೆಜಿ ಎಂದರೆ 6.4 ಚೀಲ, 9 ಲೀಟರಿನಂತೆ ಸುಮಾರು 58 ಲೀಟರ್ ತೂತು. ಸಾವಿರ ಲೀಟರಿನಲ್ಲಿ 58, ಹತ್ತಿರ ಹತ್ತಿರ ಶೇಕಡಾ 6. ಮಾನಕದ 0.45 ಪಾಲಿಸಿದ್ದರೆ ಇದೇ ಲೆಕ್ಕದಲ್ಲಿ ಸುಮಾರು 10 ಲೀಟರ್, ಶೇಕಡಾ 1. ಇದು ಸ್ಥೂಲ ಲೆಕ್ಕ. ನಿಜವಾದ ಕಾಂಕ್ರೀಟಿನಲ್ಲಿ ಎಲ್ಲ ಸಿಮೆಂಟೂ ಪ್ರತಿಕ್ರಿಯೆಗೆ ಸಿಗುವುದಿಲ್ಲ, ಗಾಳಿಗುಳ್ಳೆಗಳೂ ಇರುತ್ತವೆ. ಆದರೂ ಆ ಅರ್ಧ ಬಾಲ್ದಿಯ ಬೆಲೆ ಏನೆಂದು ಇದರಿಂದ ತಿಳಿಯುತ್ತದೆ. ತೂತುಗಳು ಒಂದಕ್ಕೊಂದು ಕೂಡಿಕೊಂಡರೆ ಹೊರಗಿನ ಗಾಳಿಗೆ, ಮಳೆನೀರಿಗೆ, ಉಪ್ಪಿಗೆ ಅದೇ ಹೆದ್ದಾರಿ. ಮಾಲು ಇಳಿಯಲೇಬೇಕಿದ್ದರೆ ಅದಕ್ಕೆ ಪ್ಲಾಸ್ಟಿಸೈಜರ್ ಇದೆ, ನೀರಲ್ಲ.

ಉಳಿದ ಸುಣ್ಣ ಕಾವಲುಗಾರ

ಇನ್ನೊಂದು ಉಳಿಕೆ ಇದೆ, 222 ಭಾಗ ಅರಳಿದ ಸುಣ್ಣ. ಬಲದ ದೃಷ್ಟಿಯಿಂದ ಇದು ಅಷ್ಟೇನೂ ಕೆಲಸಕ್ಕೆ ಬಾರದ್ದು. ಆದರೆ ಇದಿಲ್ಲದೆ ಆರ್‌ಸಿಸಿ ಎಂಬುದೇ ನಿಲ್ಲುತ್ತಿರಲಿಲ್ಲ.

ಅರಳಿದ ಸುಣ್ಣದ ಮೋಲ್ ತೂಕ 74. ನೀರಿನಲ್ಲಿ ಕರಗುವುದು ಲೀಟರಿಗೆ ಸುಮಾರು 1.6 ಗ್ರಾಂ, ಅಂದರೆ ಸುಮಾರು 0.022 ಮೋಲ್. ಪ್ರತಿಯೊಂದರಿಂದ ಎರಡೆರಡು ಹೈಡ್ರಾಕ್ಸೈಡ್ ಅಯಾನು, ಒಟ್ಟು 0.044 ಮೋಲ್. ಲಾಗರಿದಮ್ ತೆಗೆದು ಪಿಎಚ್ ನೋಡಿದರೆ ಹನ್ನೆರಡೂವರೆಯಿಂದ ಸ್ವಲ್ಪ ಮೇಲೆ. ಕಾಂಕ್ರೀಟಿನ ತೂತುಗಳೊಳಗಿನ ನೀರು ಇಷ್ಟು ಕ್ಷಾರೀಯವಾಗಿರುವಾಗ ಸರಳಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರವೊಂದು ಗಟ್ಟಿಯಾಗಿ ಕೂರುತ್ತದೆ. ಅದಿರುವ ತನಕ ಕಬ್ಬಿಣಕ್ಕೆ ತುಕ್ಕಿಲ್ಲ. ಕಾರ್ಖಾನೆಯ ಪೇಂಟೂ ಬೇಕಿಲ್ಲ.

ಈ ಕಾವಲಿಗೂ ಒಂದು ಲೆಕ್ಕವಿದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ನುಗ್ಗಿ ಸುಣ್ಣವನ್ನು ಮತ್ತೆ ಕಲ್ಲು ಮಾಡುತ್ತದೆ: 74 ಮತ್ತು 44 ಕೂಡಿ 100 ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್, 18 ಭಾಗ ನೀರು. ವಾಡಿಯ ಗೂಡಿನಿಂದ ಹೋದ 44 ಮರಳಿ ಬಂದಂತೆ. ಇದಕ್ಕೆ ಕಾರ್ಬೊನೇಶನ್ ಎಂದು ಹೆಸರು. ಕಲ್ಲಾದ ಜಾಗದಲ್ಲಿ ಪಿಎಚ್ 9ಕ್ಕಿಂತ ಕೆಳಗಿಳಿಯುತ್ತದೆ. ಅಲ್ಲಿ ಕಾವಲು ಮುಗಿಯಿತು.

ಎಷ್ಟು ಗಾಳಿ ಬೇಕು? ಘನ ಮೀಟರ್ ಕಾಂಕ್ರೀಟಿನ 320 ಕೆಜಿ ಸಿಮೆಂಟಿನಿಂದ ಅದರ ಕಾಲುಭಾಗದಷ್ಟು, 80 ಕೆಜಿ, ಸುಣ್ಣ ಹುಟ್ಟಿತೆಂದುಕೊಳ್ಳಿ. 74ರಿಂದ ಭಾಗಿಸಿದರೆ ಸುಮಾರು 1,080 ಮೋಲ್. ಅಷ್ಟೇ ಮೋಲ್ ಇಂಗಾಲದ ಡೈಆಕ್ಸೈಡ್ ಬೇಕು. 25 ಡಿಗ್ರಿಯಲ್ಲಿ ಯಾವುದೇ ಅನಿಲದ ಒಂದು ಮೋಲಿಗೆ ಸುಮಾರು ಇಪ್ಪತ್ತನಾಲ್ಕೂವರೆ ಲೀಟರ್ ಜಾಗ, ಅಂದರೆ ಘನ ಮೀಟರ್ ಗಾಳಿಯಲ್ಲಿ ಸುಮಾರು 41 ಮೋಲ್. ಅದರಲ್ಲಿ ಹತ್ತು ಲಕ್ಷಕ್ಕೆ 420ರಷ್ಟು ಮಾತ್ರ ಇಂಗಾಲದ ಡೈಆಕ್ಸೈಡ್: ಸುಮಾರು 0.017 ಮೋಲ್. ಭಾಗಿಸಿದರೆ ಸರಿಸುಮಾರು 63,000 ಘನ ಮೀಟರ್ ಗಾಳಿ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಚಾಳಿನ ಖೋಲಿಗಳ ಲೆಕ್ಕದಲ್ಲಿ 2,200ಕ್ಕೂ ಹೆಚ್ಚು ಖೋಲಿಗಳ ಗಾಳಿ. ಒಂದೇ ದಿನದಲ್ಲಿ ಆಗುವ ಕೆಲಸವಲ್ಲ. ಆದರೆ ಗಾಳಿಗೆ ಬರವಿಲ್ಲ, ಬಾಡಿಗೆಯೂ ಇಲ್ಲ. ಇಲ್ಲಿ ಮೊದಲು ಮುಗಿಯುವ ವಡೆ ಸುಣ್ಣವೇ.

ಎಷ್ಟು ಬೇಗ ಮುಗಿಯುತ್ತದೆ ಎಂಬುದನ್ನು ತೂತುಗಳು ಹೇಳುತ್ತವೆ. ಕಾರ್ಬೊನೇಶನ್ನಿನ ಆಳ ಸ್ಥೂಲವಾಗಿ ಕಾಲದ ವರ್ಗಮೂಲದಂತೆ ಬೆಳೆಯುತ್ತದೆ. ಒಳ್ಳೆಯ ಕಾಂಕ್ರೀಟಿನಲ್ಲಿ 10 ವರ್ಷಕ್ಕೆ 10 ಮಿಲಿಮೀಟರ್ ಎಂದಿಟ್ಟುಕೊಂಡರೆ, 25 ಮಿಲಿಮೀಟರ್ ಒಳಗಿರುವ ಸರಳನ್ನು ತಲುಪಲು 62 ವರ್ಷ. ನೀರು ಹೆಚ್ಚಾದ ಕಾಂಕ್ರೀಟಿನಲ್ಲಿ 4 ವರ್ಷಕ್ಕೇ 10 ಮಿಲಿಮೀಟರ್ ಆದರೆ, ಅದೇ ಸರಳಿಗೆ 25 ವರ್ಷ. ಅರ್ಧ ಬಾಲ್ದಿ ನೀರು ಕಟ್ಟಡದ ಆಯುಸ್ಸನ್ನು ಕಡಿಮೆ ಮಾಡುವುದು ಈ ದಾರಿಯಿಂದ.

ಗುಲಾಬಿ ಬಣ್ಣದ ಪರೀಕ್ಷೆ

ಮುಂಬಯಿ ಮಹಾನಗರಪಾಲಿಕೆ ಕಾಯ್ದೆಯ 353-ಬಿ ಕಲಮಿನಂತೆ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ವಾಕೋಲಾ, ಕಲೀನಾ, ಪ್ರಭಾತ್ ಕಾಲನಿ ಕಡೆ ನಮ್ಮವರು ಹೊಟ್ಟೆ ಬಟ್ಟೆ ಕಟ್ಟಿ ಕೊಂಡ ಮನೆಗಳಲ್ಲಿ ಎಷ್ಟೋ ಈ ವಯಸ್ಸು ದಾಟಿವೆ. ವರದಿಯಲ್ಲಿ ಸಿ-1 ಎಂದು ಬಂದರೆ ಅಪಾಯಕಾರಿ, ಖಾಲಿ ಮಾಡಬೇಕು. ಸಿ-2 ಎಂದರೆ ರಿಪೇರಿ. ಒಂದು ಅಂಕಿಯ ವ್ಯತ್ಯಾಸದಲ್ಲಿ ಒಂದು ಕುಟುಂಬ ಮನೆ ಬಿಡುತ್ತದೆ ಅಥವಾ ಉಳಿಯುತ್ತದೆ.

ಆಡಿಟ್ ಮಾಡುವವರ ಚೀಲದಲ್ಲಿ ಒಂದು ಚಿಕ್ಕ ಸ್ಪ್ರೇ ಬಾಟಲಿ ಇರುತ್ತದೆ. ಕಂಬ ಅಥವಾ ಬೀಮಿನ ಒಂದು ಚೂರು ಒಡೆದು, ಹೊಸದಾಗಿ ತೆರೆದ ಮೈಗೆ ಅದನ್ನು ಸಿಂಪಡಿಸುತ್ತಾರೆ. ಒಳಗಿನ ಭಾಗ ಗಾಢ ಗುಲಾಬಿ ಆಗುತ್ತದೆ, ಹೊರಗಿನ ಭಾಗ ಬಣ್ಣವಿಲ್ಲದೆ ಉಳಿಯುತ್ತದೆ. ಬಾಟಲಿಯಲ್ಲಿರುವುದು ಬೇರೇನಲ್ಲ, ಪಿಯುಸಿ ಲ್ಯಾಬಿನಲ್ಲಿ ಟೈಟ್ರೇಶನ್ನಿಗೆ ನೀವು ಹನಿ ಹನಿಯಾಗಿ ಹಾಕಿದ ಫಿನಾಲ್ಫ್‌ಥಲೀನ್. ಗುಲಾಬಿ ಇದ್ದಲ್ಲಿ ಸುಣ್ಣ ಇನ್ನೂ ಕಾವಲಿಗಿದೆ. ಬಣ್ಣವಿಲ್ಲದಲ್ಲಿ ಸುಣ್ಣದ ಮೋಲುಗಳು ಖರ್ಚಾಗಿವೆ. ಆ ಗೆರೆ ಸರಳಿಗಿಂತ ಹೊರಗಿದೆಯೋ, ಸರಳನ್ನು ದಾಟಿದೆಯೋ ಎಂಬುದನ್ನು ಸ್ಕೇಲಿಟ್ಟು ಅಳೆಯುತ್ತಾರೆ.

ನಮ್ಮ ಸೊಸೈಟಿಯ ಸಭೆಯಲ್ಲಿ ವರದಿಯ ಈ ಪುಟ ಬಂದಾಗ ಹಿರಿಯರೊಬ್ಬರು ಕೇಳಿದ್ದು: "ಪ್ಲಾಸ್ಟರ್ ಹೊಸದು ಮಾಡಿ ಬಣ್ಣ ಹೊಡೆದರೆ ಸಾಲದೇ?" ಅವರ ಪಿಂಚಣಿಯಿಂದ ದುಡ್ಡು ಹೋಗಬೇಕಿತ್ತು, ಕೇಳಿದ್ದು ನ್ಯಾಯವೇ. ಉತ್ತರ ಮಾತ್ರ ಗುಲಾಬಿ ಗೆರೆಯಲ್ಲಿತ್ತು. ನಮ್ಮಲ್ಲಿ ಕೆಲವು ಕಂಬಗಳಲ್ಲಿ ಗೆರೆ ಸರಳಿಗಿಂತ ಹೊರಗೇ ಇತ್ತು, ಕೆಲವು ಬಾತ್‌ರೂಮ್ ಪಕ್ಕದ ಬೀಮುಗಳಲ್ಲಿ ಒಳಗೆ ಹೋಗಿತ್ತು. ಎಲ್ಲಿ ಬಣ್ಣ ಸಾಕು, ಎಲ್ಲಿ ಒಡೆದು ಸರಳು ತೆರೆಯಬೇಕು ಎಂಬುದನ್ನು ಅದರ ಮೇಲೆಯೇ ತೀರ್ಮಾನಿಸಿದೆವು.

ಒಂದು ಪ್ಯಾಕೆಟ್ ಉಪ್ಪು

ಸಮುದ್ರದ ಮಗ್ಗುಲಲ್ಲಿ ಬದುಕುವವರಿಗೆ ಇನ್ನೊಂದು ಲೆಕ್ಕ ಬೇಕೇ ಬೇಕು. ಐಎಸ್ 456ರ ಪ್ರಕಾರ ಸಾಮಾನ್ಯ ಆರ್‌ಸಿಸಿಯ ಘನ ಮೀಟರಿನಲ್ಲಿ ಕ್ಲೋರೈಡ್ 0.6 ಕೆಜಿ ಮೀರಬಾರದು. ಉಪ್ಪಿನ ಮೋಲ್ ತೂಕ 58.5, ಸೋಡಿಯಂ 23, ಕ್ಲೋರಿನ್ 35.5. 35.5ನ್ನು 58.5ರಿಂದ ಭಾಗಿಸಿದರೆ 0.607. ಅಂದರೆ ಮಾನಕದ ಮಿತಿ ಸುಮಾರು ಒಂದು ಕಿಲೋ ಉಪ್ಪು. ಘನ ಮೀಟರ್ ಕಾಂಕ್ರೀಟಿನ ತೂಕ ಸುಮಾರು 2,400 ಕೆಜಿ. ಅಷ್ಟಕ್ಕೆ ಕಿರಾಣಿ ಅಂಗಡಿಯ ಒಂದು ಪ್ಯಾಕೆಟ್ ಉಪ್ಪು, ಅದೂ ಸಿಮೆಂಟು, ಜಲ್ಲಿ, ಮರಳು, ನೀರು ಎಲ್ಲದರಿಂದ ಬಂದದ್ದು ಸೇರಿ.

ಮುಂಬಯಿಯಲ್ಲಿ ಒಂದು ಕಾಲಕ್ಕೆ ಖಾಡಿಯ ರೇತಿಯೇ ಕಟ್ಟಡಗಳ ಮರಳು. ಘನ ಮೀಟರಿಗೆ ಮರಳು ಸುಮಾರು 700 ಕೆಜಿ ಬೇಕು. ಅದರಲ್ಲಿ ಶೇಕಡಾ 5 ತೇವ, ಅದು ಪೂರ್ತಿ ಸಮುದ್ರದ ನೀರೇ ಎಂದುಕೊಳ್ಳೋಣ: 35 ಲೀಟರ್. ಸಮುದ್ರದ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ ಸುಮಾರು 19 ಗ್ರಾಂ. ಗುಣಿಸಿದರೆ 665 ಗ್ರಾಂ. ಮಿತಿ 600. ಮರಳನ್ನು ಸಿಹಿನೀರಿನಲ್ಲಿ ತೊಳೆಯದಿದ್ದರೆ ಅದರ ಒದ್ದೆಯೊಂದೇ ಮಿತಿಯನ್ನು ದಾಟಿಸಿತು. ಖಾಡಿಯ ನೀರು ಸಮುದ್ರಕ್ಕಿಂತ ಸಪ್ಪೆ ಇರಬಹುದು, ಆಗ ಸಂಖ್ಯೆ ಇಳಿಯುತ್ತದೆ. ಎಷ್ಟು ಇಳಿಯಿತೆಂದು ತಿಳಿಯುವುದು ಲ್ಯಾಬಿನಲ್ಲಿ ಅಳೆದರೆ ಮಾತ್ರ.

600 ಗ್ರಾಂ ಎಂದರೆ 17 ಮೋಲ್ ಕ್ಲೋರೈಡ್. ಸುಣ್ಣ 1,080 ಮೋಲ್ ಇದೆಯಲ್ಲ, ಇಷ್ಟೇ ಇಷ್ಟು ಕ್ಲೋರೈಡಿಗೆ ಯಾಕೆ ಹೆದರಬೇಕು? ಸಮೀಕರಣ ಬರೆದು ನೋಡಿ. ಕ್ಲೋರೈಡ್ ಆ ಕಾವಲು ಪದರವನ್ನು ಅಲ್ಲಲ್ಲಿ ಕೊರೆದು, ಕಬ್ಬಿಣವನ್ನು ಕೂಡಿ ಹೊರಗೆಳೆಯುತ್ತದೆ. ಆ ಕಬ್ಬಿಣ ನೀರು, ಆಮ್ಲಜನಕದೊಂದಿಗೆ ತುಕ್ಕಾಗುವಾಗ ಕ್ಲೋರೈಡ್ ಬಿಡುಗಡೆಯಾಗುತ್ತದೆ. ಮತ್ತೆ ಕೆಲಸಕ್ಕೆ ಹೊರಡುತ್ತದೆ. ಸಮೀಕರಣದ ಎಡಕ್ಕೂ ಬಲಕ್ಕೂ ಅದು ಇದ್ದು, ಕಳೆದರೆ ಹೊಡೆದುಹೋಗುತ್ತದೆ. ಖರ್ಚೇ ಆಗದ ವಸ್ತುವಿಗೆ ಯಾವುದು ಮೊದಲು ಮುಗಿಯುತ್ತದೆ ಎಂಬ ಪ್ರಶ್ನೆ ಅನ್ವಯಿಸುವುದಿಲ್ಲ. ಸುಣ್ಣ ಖರ್ಚಾಗುವ ಕಾವಲುಗಾರ, ಉಪ್ಪು ಖರ್ಚಾಗದ ಕಳ್ಳ. ಮಾನಕ ಇಷ್ಟು ಬಿಗಿಯಾಗಿರುವುದು ಅದಕ್ಕೇ.

ತುಕ್ಕು ಯಾಕೆ ಒಡೆಯುತ್ತದೆ

ಕೊನೆಯದು, ಪ್ಲಾಸ್ಟರ್ ಉದುರುವ ಲೆಕ್ಕ. ಕಬ್ಬಿಣದ ಮೋಲ್ 56 ಗ್ರಾಂ, ಸಾಂದ್ರತೆ 7.87ರಿಂದ ಭಾಗಿಸಿದರೆ 7.1 ಘನ ಸೆಂಟಿಮೀಟರ್. ತುಕ್ಕಿನಲ್ಲಿ ಸಾಮಾನ್ಯವಾಗಿ ಸಿಗುವ ಗೋಥೈಟ್ ಎಂಬ ಖನಿಜರೂಪದಲ್ಲಿ ಒಂದು ಕಬ್ಬಿಣಕ್ಕೆ ಎರಡು ಆಮ್ಲಜನಕ, ಒಂದು ಜಲಜನಕ: 89 ಗ್ರಾಂ. ಅದರ ಸಾಂದ್ರತೆ ಸುಮಾರು 4.26, ಅಂದರೆ ಸುಮಾರು 21 ಘನ ಸೆಂಟಿಮೀಟರ್. ಅಷ್ಟೇ ಕಬ್ಬಿಣಕ್ಕೆ ಮೂರು ಪಟ್ಟು ಜಾಗ ಬೇಕು. ಸರಳಿನ ಸುತ್ತ ಕೂದಲೆಳೆಯಷ್ಟು ಕಬ್ಬಿಣ ತುಕ್ಕಾದರೂ ಅದು ಸುತ್ತಲಿನ ಕಾಂಕ್ರೀಟನ್ನು ಹೊರಕ್ಕೆ ತಳ್ಳುತ್ತದೆ. ಕಾಂಕ್ರೀಟ್ ಒತ್ತಡವನ್ನು ತಡೆಯುತ್ತದೆ, ಎಳೆತವನ್ನು ತಡೆಯದು. ಮೊದಲು ಸರಳಿನ ಉದ್ದಕ್ಕೂ ಬಿರುಕು, ಆಮೇಲೆ ಕಂದು ಕಲೆ, ಒಂದು ಮಳೆಗಾಲದ ರಾತ್ರಿ ಹಾಸಿಗೆಯ ಮೇಲೆ ಸ್ಲ್ಯಾಬಿನ ಚೂರು.

ಸರಳಿನುದ್ದಕ್ಕೆ ನೇರವಾಗಿ ಹೋಗುವ ಬಿರುಕು ನಿಮ್ಮ ಮನೆಯಲ್ಲಿ ಕಂಡರೆ ಪುಟ್ಟಿ ಮೆತ್ತಿ ಮುಚ್ಚಬೇಡಿ. ಒಳಗಿನ ಲೆಕ್ಕ ತಪ್ಪಿದೆ ಎಂದು ಕಟ್ಟಡ ಹೇಳುತ್ತಿದೆ. ಎಂಜಿನಿಯರರನ್ನು ಕರೆಸಿ.

ಮನೆಗೆಲಸ

ವಿದ್ಯಾರ್ಥಿಗಳಿಗೆ ಮೂರು ಲೆಕ್ಕ. ಉತ್ತರ ಕೆಳಗಿದೆ, ಮೊದಲು ನೀವೇ ಮಾಡಿ.

ಒಂದು: 250 ಕೆಜಿ ಮರುವಾಯಿ ಚಿಪ್ಪು, ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದುಕೊಳ್ಳಿ. ಸುಟ್ಟರೆ ಎಷ್ಟು ಸುಣ್ಣ? ಅದನ್ನು ಅರಳಿಸಲು ಲೆಕ್ಕದ ಪ್ರಕಾರ ಎಷ್ಟು ನೀರು?

ಎರಡು: ಆರ್‌ಸಿಸಿಗೆ ಬಳಸುವ ನೀರಿನಲ್ಲಿ ಐಎಸ್ 456 ಒಪ್ಪುವ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ. ಘನ ಮೀಟರಿಗೆ 180 ಲೀಟರ್ ಅಂಥ ನೀರು ಹಾಕಿದರೆ ಒಟ್ಟು ಮಿತಿಯ ಎಷ್ಟು ಭಾಗ ನೀರಿನಿಂದಲೇ ಹೋಯಿತು?

ಮೂರು: ಒಂದು ಕಂಬ ವರ್ಷಗಳಲ್ಲಿ 4.4 ಕೆಜಿ ಇಂಗಾಲದ ಡೈಆಕ್ಸೈಡ್ ಹೀರಿಕೊಂಡಿತು. ಎಷ್ಟು ಸುಣ್ಣದ ಕಾವಲು ಮುಗಿಯಿತು?

ಉತ್ತರ: ಒಂದು, 140 ಕೆಜಿ ಸುಣ್ಣ, 45 ಕೆಜಿ ನೀರು, ಅರಳಿಸುವಾಗಿನ ಬಿಸಿಗೆ ಒಂದಷ್ಟು ಹಬೆಯಾಗುವುದರಿಂದ ನಿಜದಲ್ಲಿ ಹೆಚ್ಚು ಬೇಕು. ಎರಡು, 90 ಗ್ರಾಂ, ಮಿತಿಯ ಶೇಕಡಾ 15. ಮೂರು, 7.4 ಕೆಜಿ.

ಉತ್ತರ ತಾಳೆಯಾಗದಿದ್ದರೆ ಮೊದಲು ನೋಡಬೇಕಾದದ್ದು ಗ್ರಾಂ, ಕಿಲೋ, ಮಿಲಿಗ್ರಾಂಗಳ ಅದಲುಬದಲು. ಅದೂ ಸರಿಯಿದ್ದರೆ ಸಮೀಕರಣದ ಎಡಬಲ ಕೂಡಿ ನೋಡಿ. ಮುಂದಿನ ಸಂಚಿಕೆಯಲ್ಲಿ ನಮ್ಮ ಸೊಸೈಟಿಗಳಿಗೆ ಬರುವ ಟ್ಯಾಂಕರ್ ನೀರಿನ ಗಡಸುತನ, ಗೀಸರಿನಲ್ಲಿ ಕಟ್ಟುವ ಬಿಳಿ ಪದರ, ಅದರ ಮೋಲ್ ಲೆಕ್ಕ.